ತರಬೇತಿ ಇಲ್ಲದವರು

ಚನ್ನಗಿರಿ
೧೮ ಡಿಸೆಂಬರ್ ೨೦೨೪

ಪ್ರೀತಿಯ ಅಂಬಿಕಾ,

ಹೇಗಿದ್ದೀಯೇ? ಮಂಡಿನೋವು ಕಡಿಮೆಯಾಯಿತಾ? ದೀಪಾವಳಿಗೆ ನೀನು ಜಗಳೂರು ಬಸ್ಸಿನಲ್ಲಿ ಕಳಿಸಿದ ಶೇಂಗಾ ಹೋಳಿಗೆ ಬಂದ ದಿನವೇ ಬರೆಯಬೇಕಿತ್ತು. ಹೋಳಿಗೆ ಮೂರು ದಿನಕ್ಕೆ ಖಾಲಿಯಾಯಿತು, ಪತ್ರಕ್ಕೆ ಏಳು ವಾರ ಹಿಡಿಯಿತು. ಎಷ್ಟು ಬೇಕೋ ಅಷ್ಟು ಬೈದುಕೋ. ಫೋನು ಇರಲಿಲ್ಲವಾ ಅಂತೀಯ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲೇ ನೀನು ಸಮಾಧಾನ ಹೇಳಲು ಶುರು ಮಾಡುತ್ತೀಯ. ಈ ಸಲ ಪೂರ್ತಿ ಕೇಳು.

ಹತ್ತೊಂಬತ್ತು ವರ್ಷ ಅತಿಥಿ ಉಪನ್ಯಾಸಕಿಯಾಗಿ ಅರ್ಥಶಾಸ್ತ್ರ ಪಾಠ ಮಾಡಿದವಳ ಹೆಸರು ಈ ವರ್ಷದ ಪಟ್ಟಿಯಲ್ಲಿ ಇಲ್ಲವೆಂದು ನಿನಗೆ ಗೊತ್ತೇ ಇದೆ. ಪಿಎಚ್‌ಡಿ ಇಲ್ಲ, ನೆಟ್ ಇಲ್ಲ, ಹೊರಗೆ. ಎಷ್ಟು ವಿಚಿತ್ರವೆಂದರೆ, ಆಮೇಲೆ ನನ್ನನ್ನು ಕರೆದು ಕೆಲಸ ಕೊಟ್ಟವಳು ನನ್ನ ವಿದ್ಯಾರ್ಥಿನಿ. ಹೇಮಾವತಿ ಅಂತ, ಹೊನ್ನಾಳಿಯ ಹುಡುಗಿ. ಬೇಡಿಕೆಯ ರೇಖೆ ಯಾಕೆ ಕೆಳಗಿಳಿಯುತ್ತದೆ ಎಂದು ಅವಳಿಗೆ ಮೂರು ಸಲ ಹೇಳಿಕೊಟ್ಟಿದ್ದೆ. ಈಗ ಡಾಕ್ಟರ್ ಹೇಮಾವತಿ. ಕೂಲಿ, ಕೌಶಲ, ಕೆಲಸದ ಭದ್ರತೆ ಎಂಬ ಸಂಶೋಧನೆಗೆ ಮುಖ್ಯಸ್ಥೆ. ನಾಲ್ಕು ತಾಲ್ಲೂಕುಗಳಲ್ಲಿ ಕೂಲಿಕಾರರನ್ನು ಕಂಡು ಪ್ರಶ್ನೆ ಕೇಳಿ ಟ್ಯಾಬ್‌ನಲ್ಲಿ ತುಂಬುವುದು ನನ್ನ ಕೆಲಸ. ಮೂರು ತಿಂಗಳ ಕರಾರು. "ನಿಮ್ಮಂಥೋರು ಸಿಗೋದೇ ನಮ್ಮ ಪುಣ್ಯ ಮೇಡಂ" ಅಂದಿದ್ದಳು. ನಾನೂ ನಂಬಿದೆ.

ಹೊನ್ನಾಳಿ, ನ್ಯಾಮತಿ ಸುತ್ತಿ ಮುಗಿಸಿ ನವೆಂಬರಿನಲ್ಲಿ ಸಂತೇಬೆನ್ನೂರಿನ ಹತ್ತಿರದ ಒಂದು ಅಡಿಕೆ ಮನೆಗೆ ಹೋದೆ. ತೋಟದ ಫಸಲನ್ನು ಗುತ್ತಿಗೆಗೆ ಹಿಡಿಯುವ ಖೇಣಿದಾರರೊಬ್ಬರು ಹಾಕಿಸಿದ ತಗಡಿನ ಶೆಡ್ಡು. ಮೂವತ್ತೆಂಟು ಹೆಂಗಸರು ಸಾಲಾಗಿ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಅರ್ಧದಷ್ಟು ಜನ ನಿಮ್ಮ ಜಗಳೂರು ಕಡೆಯವರೇ, ಸೀಸನ್ನಿಗೆ ಬಂದವರು. ಆ ಕಡೆ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಸುಲಿದ ಅಡಿಕೆ ಚೊಗರಿನಲ್ಲಿ ಬೇಯುತ್ತಿತ್ತು. ಅಡಿಕೆ ಬೆಂದ ಆ ಕೆಂಪು ರಸವೇ ಮುಂದಿನ ಅಡಿಕೆಗೆ ಬಣ್ಣ ಕೊಡುವುದು. ಅದು ತೆಳುವಾದರೂ ಕೆಟ್ಟಿತು, ಗಟ್ಟಿಯಾದರೂ ಕೆಟ್ಟಿತು. ನಮ್ಮವ್ವ ಸುಲಿಯುತ್ತಿದ್ದವಳಲ್ಲವೇ, ನನಗೆ ಆ ವಾಸನೆಯೇ ಅರ್ಧ ಪಾಠ.

ಹಂಡೆಯ ಹತ್ತಿರ ಗಾದ್ರಮ್ಮ ಇದ್ದಳು. ಐವತ್ತು ದಾಟಿದ ಹೆಂಗಸು, ಆ ಗುಂಪಿನ ಹಿರಿಯಳು. ಜಾಲರಿಯಲ್ಲಿ ಒಂದು ಅಡಿಕೆ ತೆಗೆದು ಎರಡು ಬೆರಳ ನಡುವೆ ಅದುಮಿದಳು. "ಇನ್ನೂ ಐತೆ" ಅಂದಳು. ಸ್ವಲ್ಪ ಹೊತ್ತಿಗೆ ಮತ್ತೊಂದು ಅದುಮಿ "ಹ್ಞೂಂ, ಇಳಸ್ರಿ" ಅಂದಳು. ಖೇಣಿದಾರನ ಮಗ ಮರುಮಾತಿಲ್ಲದೆ ಬೆಂಕಿ ಎಳೆದ. ಲಕ್ಷಗಟ್ಟಲೆಯ ಮಾಲು ಅವಳ ಎರಡು ಬೆರಳ ಮಾತಿಗೆ ನಿಂತಿತ್ತು.

ನಾನು ಟ್ಯಾಬ್ ತೆಗೆದು ಕೇಳಿದೆ. "ತರಬೇತಿ ಪಡೆದಿದ್ದೀರಾ?"

"ಎಂಥ ತರಬೇತಿ ಮೇಡಮ್ಮಾರೆ?"

"ಈ ಕೆಲಸಕ್ಕೆ. ಸರ್ಟಿಫಿಕೇಟ್ ಏನಾದರೂ?"

ಪಕ್ಕದಲ್ಲಿ ಸುಲಿಯುತ್ತಿದ್ದ ಉಚ್ಚಂಗಮ್ಮ ನಕ್ಕಳು. "ಗಾದ್ರವ್ವಾ, ನಿನ್ ಬೆರಳು ತೋರ್ಸು. ಅದೇ ಸರ್ಟಿಫಿಕೇಟು."

"ತೋರ್ಸಿ ಏನ್ ಮಾಡಾಕೆ? ರೇಷನ್ ಅಂಗಡಿ ಮಿಷನ್ನಿಗೇ ಹತ್ತಂಗಿಲ್ಲ ಈ ಬೆರಳು. ನಿಂದ್ಯಾವ ಕೈ, ತೊಳದ್ ಬಾ ಅಂತೈತೆ."

ಎಲ್ಲರೂ ನಕ್ಕರು. ನಾನೂ ನಕ್ಕು "ಇಲ್ಲ" ಎಂದು ಒತ್ತಿದೆ. ಒತ್ತಿದ ಕೂಡಲೇ ಮುಂದಿನ ಸಾಲು ತಾನೇ ತುಂಬಿಕೊಂಡಿತು: ಕೌಶಲರಹಿತ. ಆ ಸಾಲೊಂದನ್ನೇ ತಿದ್ದಲು ಬರುವುದಿಲ್ಲ. ಆ ಟ್ಯಾಬ್‌ಗೆ ಅಷ್ಟೇ ತಿಳಿದದ್ದು. ಕಾಗದವಿದ್ದರೆ ಕೌಶಲ, ಇಲ್ಲದಿದ್ದರೆ ಇಲ್ಲ.

ಸಂಶೋಧನೆಯ ಮೇಲ್ವಿಚಾರಕ ಕೊಟ್ರೇಶ್ ದಾವಣಗೆರೆಯಲ್ಲಿ ಕೂರುವ ಹುಡುಗ. ಅವನಿಗೆ ಫೋನು ಮಾಡಿದೆ. "ಷರಾ ಕಾಲಂ ಐತಲ್ಲ ಮೇಡಂ, ಅಲ್ಲಿ ಬರೀರಿ" ಅಂದ. "ಅದನ್ನು ಯಾರು ಓದುತ್ತಾರೆ?" ಅಂದೆ. "ಯಾರೂ ಓದಲ್ಲ, ಅದು ಲೆಕ್ಕಕ್ಕೆ ಬರಲ್ಲ, ಆದ್ರೆ ನಿಮ್ಗೆ ಸಮಾಧಾನ" ಅಂದ. ತಮಾಷೆಗೆ ಹೇಳಿದ್ದಲ್ಲ ಕಣೆ, ಸಹಾಯ ಮಾಡುವ ದನಿಯಲ್ಲೇ ಹೇಳಿದ.

ಅಂಬಿ, ಈ ವರದಿ ಕೂಲಿ ದರ ನಿಗದಿ ಮಾಡುವ ಸಮಿತಿಯ ಮುಂದೆ ಹೋಗುತ್ತದೆಂದು ಹೇಮಾವತಿಯೇ ಮೊದಲ ದಿನ ಹೇಳಿದ್ದಳು. ಅಲ್ಲಿ ಇವರು ಕೌಶಲರಹಿತರೆಂದು ಹೋದರೆ ದರವೂ ಹಾಗೇ ಬರುತ್ತದೆ. ಮೇಲಾಗಿ ಸುಲಿಯುವ ಮಿಷನ್ ಬಂದಿದೆ. ಏನೂ ಗೊತ್ತಿಲ್ಲದವರನ್ನು ತೆಗೆದುಹಾಕುವುದು ಸುಲಭ.

ಎರಡು ದಿನ ಯೋಚಿಸಿದೆ. ನಾನು ಸದಾ ಚೀಲದಲ್ಲಿ ಇಟ್ಟುಕೊಳ್ಳುವ ಕವನ ಸಂಕಲನ ತೆರೆಯಲೂ ಮನಸ್ಸಾಗಲಿಲ್ಲ. ದುಡಿಯುವ ಕೈಗಳ ಬಗ್ಗೆ ಬರೆದ ಸಾಲುಗಳನ್ನು ಓದಿ ನಾವಿಬ್ಬರೂ ಹಾಸ್ಟೆಲಿನಲ್ಲಿ ಕಣ್ಣು ತುಂಬಿಕೊಂಡಿದ್ದು ನೆನಪಾಗಿ ಸಿಟ್ಟೇ ಬಂತು. ಆಮೇಲೆ ಮತ್ತೆ ಅಡಿಕೆ ಮನೆಗೆ ಹೋಗಿ ಕೇಳುವ ರೀತಿಯನ್ನೇ ಬದಲಿಸಿದೆ. "ಇದನ್ನು ಯಾರಿಂದ ಕಲಿತಿರಿ, ಎಷ್ಟು ದಿನ ಹಿಡಿಯಿತು?" ಎಂದು ಕೇಳಿದೆ. ಮಾತು ಹೇಗೆ ಹರಿಯಿತು ಅಂತೀಯ! ಗಾದ್ರಮ್ಮ ಅತ್ತೆಯ ಹಿಂದೆ ಏಳು ಸೀಸನ್ ಹಂಡೆ ಕಾದಿದ್ದಳು. ಮೊದಲ ಎರಡು ವರ್ಷ ಅತ್ತೆ ಚೊಗರು ಮುಟ್ಟಲೂ ಬಿಟ್ಟಿರಲಿಲ್ಲವಂತೆ. ಉಚ್ಚಂಗಮ್ಮ ಎಳೆಯದು ಬಲಿತದ್ದು ಬೇರೆ ಮಾಡುವುದನ್ನು ಕಲಿಯಲು ಮೂರು ವರ್ಷ ಬೈಸಿಕೊಂಡಿದ್ದಳು. ಇದು ತರಬೇತಿಯಲ್ಲದಿದ್ದರೆ ಇನ್ನೇನು? ನಾನು ಮೂವತ್ತೆಂಟೂ ಫಾರಂಗಳನ್ನು ಹೊಸದಾಗಿ ತೆರೆದು, ತರಬೇತಿ "ಹೌದು" ಎಂದು ತುಂಬಿದೆ. ಹಳೆಯ ಫಾರಂಗಳನ್ನು ಪೂರ್ತಿಯಾಗಿ ಅಳಿಸಿದೆ. ಮೂವತ್ತೆಂಟು ಸಲ ಟ್ಯಾಬ್ "ಕುಶಲ" ಎಂದಿತು. ಆ ಸಂಜೆ ಬಸ್ಸಿನಲ್ಲಿ ಬರುವಾಗ ಎಷ್ಟು ಹಗುರವಾಗಿದ್ದೆ, ಹೇಳಲಾರೆ.

ವಾರ ಕಳೆಯಿತು. ಕೊಟ್ರೇಶ್ ಪರಿಶೀಲನೆಗೆಂದು ಆ ಹೆಂಗಸರಲ್ಲಿ ಹತ್ತು ಜನಕ್ಕೆ ಫೋನು ಮಾಡಿದ. "ನೀವು ತರಬೇತಿ ತಗೊಂಡಿದೀರಂತೆ, ಹೌದಾ?" ಹತ್ತೂ ಜನ ಇಲ್ಲ ಅಂದರು. ಗಾದ್ರಮ್ಮ ಎಲ್ಲರಿಗಿಂತ ಗಟ್ಟಿಯಾಗಿ ಅಂದಳಂತೆ: "ನಮಗೇನೂ ಬರಂಗಿಲ್ಲ ಸಾರ್, ಕೂತ್ಕಂಡು ಸುಲಿಯೋದು ಅಷ್ಟೆ."

ನಾನು ಓಡಿ ಹೋಗಿ ಕೇಳಿದೆ. "ಯಾಕೆ ಹಂಗಂದ್ರಿ ಗಾದ್ರಮ್ಮ?"

ಅವಳಿಗೆ ನನ್ನ ಮೇಲೇ ಕನಿಕರ. "ಮೇಡಮ್ಮಾರೆ, ನಿಮಗೆ ತಿಳಿಯಂಗಿಲ್ಲ. ನಮ್ಮೂರಾಗೆ ಹೊಲಿಗೆ ತರಬೇತಿ ಅಂತ ಹೆಸರು ಬರಕಂಡು ಹೋದ್ರು. ಆಮ್ಯಾಲೆ ಫೋನ್ ಬಂತು, ತರಬೇತಿ ತಗಂಡ್ರಾ ಅಂತ. ಹೌದು ಅಂದೋರನ್ನ, ಹಂಗಾರೆ ಮಿಷನ್ ಎಲ್ಲೈತೆ ತೋರ್ಸ್ರಿ ಅಂದ್ರು. ಇಬ್ಬರ ರೇಷನ್ ಕಾರ್ಡು ಹೋತು. ಫೋನ್ನಾಗೆ ಯಾರೇ ಕೇಳ್ಲಿ, ಇಲ್ಲ ಅಂದ್ರೆ ಜೀವ ಉಳಿತೈತೆ."

"ಅದಕ್ಕೇ ನಾನೇ ಎಲ್ರಿಗೂ ಹೇಳಿಟ್ಟಿದ್ದೆ" ಅಂದಳು ಉಚ್ಚಂಗಮ್ಮ. "ಮೇಡಮ್ಮಾರು ಒಳ್ಳೇರು, ಅವರಿಗೂ ತೊಂದ್ರಿ ಆಗಬಾರ್ದು, ಒಂದೇ ಮಾತು ಹೇಳ್ರಿ ಅಂತ."

ನನ್ನನ್ನು ಉಳಿಸಲು ಹೇಳಿದ್ದು! ಗಾದ್ರಮ್ಮ ಟೀ ತರಿಸಿ ಕೊಟ್ಟಳು. ಹೊರಡುವಾಗ ಮೆಲ್ಲಗೆ ಕೇಳಿದಳು. "ಹೋಗ್ಲಿ, ಪುಸ್ತಕದಾಗೆ ನಮ್ದು ಏನಂತ ಬರದೀರಿ?" "ನಿಮಗೆ ಕೆಲಸ ಗೊತ್ತು ಅಂತಲೇ ಬರೆದಿದ್ದೀನಿ" ಅಂದೆ. ಅವಳು ಸೆರಗು ಸರಿಮಾಡಿಕೊಂಡಳು.

ಮರುದಿನ ಹೇಮಾವತಿ ಕರೆದಳು. ಎದುರಿಗೆ ಕುರ್ಚಿ ಎಳೆದು ಕೊಟ್ಟು, ಕಾಫಿ ತರಿಸಿ, "ಮೇಡಂ, ಇದನ್ನ ಡೇಟಾ ತಿದ್ದೋದು ಅಂತಾರೆ" ಅಂದಳು. ಪ್ರಶ್ನೆಯೇ ತಪ್ಪು ಎಂದೆ. "ಇರಬಹುದು, ಆದ್ರೆ ಪ್ರಶ್ನೆ ಮೇಲಿಂದ ಬಂದಿದ್ದು. ನಾನೂ ಎರಡು ವರ್ಷದ ಕರಾರಿನ ಮೇಲೇ ಇದೀನಿ ಮೇಡಂ" ಅಂದಳು. ಅದು ನನಗೆ ಗೊತ್ತಿರಲಿಲ್ಲ. ಆದರೂ ಬಿಡಲಿಲ್ಲ, ಹೇಳಬೇಕಾದ್ದನ್ನೆಲ್ಲ ಹೇಳಿ ಎದ್ದು ಬಂದೆ. ನಿನ್ನ ಗೆಳತಿ ಇನ್ನೂ ಅಷ್ಟು ಮೆತ್ತಗಾಗಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಕೈ ನೋಯುತ್ತಿದೆ. ನಿನ್ನ ಖಾಯಂ ಕೆಲಸದ ಮೇಲೆ ನನಗೆ ಹೊಟ್ಟೆಕಿಚ್ಚು ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ನಿನ್ನ ನಿವೃತ್ತಿಯವರೆಗೆ ಅದು ಕಲ್ಲಿನ ಹಾಗೆ ನಿಲ್ಲಲಿ. ಮಗಳಿಗೆ ನನ್ನ ಆಶೀರ್ವಾದ ಹೇಳು, ಪರೀಕ್ಷೆ ಚೆನ್ನಾಗಿ ಬರೆಯಲಿ. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡ. ಬುದ್ಧನ ಕರುಣೆ ನಿಮ್ಮ ಮನೆಯ ಮೇಲಿರಲಿ.

ನಿನ್ನ
ಯಶೋಧರಾ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಹರಿದೆ. ಎದ್ದು ಬಂದೆ ಎಂದು ಬರೆದೆನಲ್ಲ, ಅದು ನಿಜವಲ್ಲ ಅಂಬಿ. ಹೇಮಾವತಿ ಒಂದು ಹಾಳೆ ಮುಂದಿಟ್ಟಳು. ಸಹಿ ಮಾಡಿದರೆ ಅನುಭವ ಪತ್ರ ಸಿಗುತ್ತದೆ, ಅದೇ ಜನರನ್ನು ಮತ್ತೆ ಕೇಳಿ ತುಂಬುವ ಎರಡನೇ ಸುತ್ತಿನ ಕೆಲಸವೂ ನನಗೇ ಅಂದಳು. ಅದರಲ್ಲಿ ಒಂದೇ ವಾಕ್ಯವಿತ್ತು: "ಈ ಕೆಲಸದ ಬಗ್ಗೆ ನನಗೆ ತಿಳಿವಳಿಕೆ ಇಲ್ಲದ ಕಾರಣ ಮೂವತ್ತೆಂಟು ಜನರ ಕೌಶಲವನ್ನು ತಪ್ಪಾಗಿ ನಮೂದಿಸಿದ್ದೇನೆ." ನಮ್ಮವ್ವನ ಮಗಳಾದ ನಾನು ಅದನ್ನು ಎರಡು ಸಲ ಓದಿದೆ, ಕಾಗುಣಿತದ ಒಂದು ತಪ್ಪನ್ನು ತಿದ್ದಿದೆ, ಸಹಿ ಹಾಕಿದೆ. ಕಾಫಿಯನ್ನೂ ಕುಡಿದೆ. ಸೋಮವಾರ ಎರಡನೇ ಸುತ್ತು ಶುರು. ಮೊದಲ ಹೆಸರು ಗಾದ್ರಮ್ಮನದು.