ಒಳಗಿನ ಚಿಲಕ

ಬುಧವಾರ, ಸಂಜೆ

ಪ್ರೀತಿಯ ಅಜ್ಜಿ,

ಫೋನಿನಲ್ಲಿ ಹೇಳಿದರೆ ಅಪ್ಪನ ಕಿವಿಗೆ ಬೀಳುತ್ತದೆಂದು ಬರೆಯುತ್ತಿದ್ದೇನೆ. ಚಿಕ್ಕಜ್ಜಿಯ ಮನೆಯಿಂದ ನೀನು ಮರಳುವಷ್ಟರಲ್ಲಿ ನೀನು ಹೋಗಿ ಇರಲು ಯೋಚಿಸಿರುವ ಹಿರಿಯರ ಆ ಎರಡೂ ವಸತಿಗೃಹಗಳನ್ನು ನೋಡಿ ಬಾ ಎಂದಿದ್ದೆಯಲ್ಲ, ನೋಡಿದೆ.

ನನ್ನ ಅಭಿಪ್ರಾಯ ನಿನಗೆ ಗೊತ್ತು. ದುಡಿಯುವ ತನಕ ಹಿಂಡಿಕೊಂಡು, ಕೈ ಸೋತ ಮೇಲೆ ಬೇಲಿಯೊಳಗೆ ಕೂರಿಸುವ ಸಮಾಜ ಸಮಾಜವೇ ಅಲ್ಲ. ಇದನ್ನು ಈಗಲೂ ನಂಬುತ್ತೇನೆ.

ಮೊದಲನೆಯದು ಹೊಳೆಯುವ ಕಟ್ಟಡ. ಮ್ಯಾನೇಜರಮ್ಮ ಎಲ್ಲರನ್ನೂ 'ಪುಟ್ಟ', 'ಚಿನ್ನ' ಎನ್ನುತ್ತಾರೆ. ಎಂಬತ್ತು ದಾಟಿದವರು ಪುಟ್ಟ! ಎರಡನೆಯದರಲ್ಲಿ ಗೋಡೆಯ ಬಣ್ಣ ಎದ್ದಿದೆ, ಹಜಾರದಲ್ಲಿ ಟಿವಿ ರಿಮೋಟಿಗೆ ಜಗಳ. ಎರಡೂ ಕಡೆ ಕೆಲಸದವರ ಸಂಬಳ, ನಿವಾಸಿಗಳ ಸಮಿತಿ ಎಂದೆಲ್ಲ ವಿಚಾರಿಸಿದೆ. ನಮ್ಮ ಸಂಘಟನೆಯ ಕರಪತ್ರ ಹಂಚಿದೆ. ನೀನು ಕೇಳಿದ್ದ ಒಂದೇ ಒಂದು ಸಂಗತಿ, ಕೋಣೆಗೆ ಒಳಗಿನಿಂದ ಚಿಲಕ ಇದೆಯೇ ಎಂಬುದು, ಮರೆತೇ ಹೋಯಿತು.

ಇವತ್ತು ಮತ್ತೆ ಹೋದೆ. ಹೊಳೆಯುವ ಕಟ್ಟಡದಲ್ಲಿ ಚಿಲಕವಿಲ್ಲ. "ಸೇಫ್ಟಿಗೋಸ್ಕರ" ಎಂದರು ಮ್ಯಾನೇಜರಮ್ಮ. ಎರಡನೆಯದರಲ್ಲಿ, ಬಾಗಿಲ ಬಳಿ ಕೂತಿದ್ದ ನಿವೃತ್ತ ಲೇತ್ ಯಂತ್ರದ ಕೆಲಸಗಾರರೊಬ್ಬರು ನನ್ನನ್ನು ಕಂಡು ನಕ್ಕರು. "ಏನಮ್ಮಾ, ಮೊನ್ನೆ ನಮ್ಮನ್ನೆಲ್ಲ ಬಿಡುಗಡೆ ಮಾಡ್ತೀನಿ ಅಂತ ಬಂದಿದ್ದೆ, ಇವತ್ತು ಚಿಲಕ ಹಾಕ್ಸೋಕೆ ಬಂದ್ಯಾ?"

ನಮ್ಮಜ್ಜಿಗೆ ಬೇಕು ಎಂದೆ. ಅವರು ತಮ್ಮ ಕೋಣೆಗೆ ಕರೆದೊಯ್ದು, ನನ್ನನ್ನು ಹೊರಗೇ ನಿಲ್ಲಿಸಿ, ಒಳಗಿನಿಂದ ಚಿಲಕ ಹಾಕಿಕೊಂಡರು. ಎಷ್ಟು ತಟ್ಟಿದರೂ ತೆಗೆಯಲಿಲ್ಲ. "ಯಾರೂ ಬೇಡ ಅನ್ಸಿದಾಗ ಹಿಂಗೇ ಇರ್ತೀನಿ, ಹೋಗಮ್ಮ!" ಎಂದು ಒಳಗಿನಿಂದಲೇ ಕೂಗಿದರು. ಆ ದನಿಯಲ್ಲಿ ಎಂಥ ಖುಷಿ!

ನಿನಗೆ ಚಿಲಕ ಏಕೆ ಬೇಕೆಂದು ಆ ಮುಚ್ಚಿದ ಬಾಗಿಲೆದುರು ನಿಂತಾಗ ಅರ್ಥವಾಯಿತು. ನರ್ಸಾಗಿ ನೀನು ಆಯುಷ್ಯವೆಲ್ಲ ವಾರ್ಡುಗಳಲ್ಲಿ ಓಡಾಡಿದೆ. ಆಮೇಲೆ ನಮ್ಮ ಹಜಾರದ ದಿವಾನದ ಮೇಲೆ ಮಲಗಿದೆ. ಯಾರು ಬೇಕಾದರೂ ನಿನ್ನನ್ನು ಎಬ್ಬಿಸಬಹುದಿತ್ತು. ಎಬ್ಬಿಸಿದ್ದೇವೆ ಕೂಡ.

ಎರಡನೆಯದನ್ನೇ ಆರಿಸು, ಅಜ್ಜಿ. ಮಗ ಇದ್ದೂ ತಾಯಿ ಹೊರಗಿದ್ದರೆ ಜನ ಏನೆಂದಾರು ಎಂದು ಅಪ್ಪ ಕೂಗಾಡಲಿ. ಜನ ಬಂದು ನಮ್ಮ ದಿವಾನದ ಮೇಲೆ ಮಲಗುವುದಿಲ್ಲ.

ನಿನ್ನ ಮೊಮ್ಮಗಳು, ನೀನು ಕರೆಯುವ ಹಾಗೆ,
ಮೆಣಸಿನಕಾಯಿ

ಬರೆಯದೆ ಬಿಟ್ಟದ್ದು: ಎರಡನೆಯ ಕಡೆಯವರು ಮನೆಯವರೊಬ್ಬರ ಒಪ್ಪಿಗೆ ಬೇಕೆಂದರು. ನಾನೇ ಕೊಟ್ಟು ಬಂದೆ, ಕೋಣೆ ಕಾದಿರಿಸಿದ್ದಾರೆ. ಅಪ್ಪನಿಗೆ ಹೇಳಿಲ್ಲ. ಬೀದಿಯಲ್ಲಿ ಭಾಷಣ ಮಾಡುವವಳಿಗೆ ಊಟದ ಮೇಜಿನೆದುರು ಬಾಯಿ ಒಣಗುತ್ತದೆ. ನೀನೇ ಹೇಳು, ನಾನು ಪಕ್ಕದಲ್ಲಿರುತ್ತೇನೆ. ನೀನು ಬಂದ ಮಾರನೆಯ ದಿನವೇ ಅಲ್ಲಿಗೆ ಹೋಗಬಹುದಂತೆ. ಅಷ್ಟು ಅವಸರ ಮಾಡಬೇಡ, ಅಜ್ಜಿ. ನಾಲ್ಕು ದಿನ ಇದ್ದು ಹೋಗು.