ತಳದಲ್ಲಿ ನಿಂತ ವ್ಯಾನು

ಅಕ್ಕಾ,

ಸೊಂಟನೋವೊಂದನ್ನು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ಇವರ ದೋಣಿಯ ಹುಚ್ಚು ನಿನಗೆ ಗೊತ್ತಲ್ಲ, ಈ ಸಲವೂ ಅದನ್ನು ಕ್ಯಾಂಪರ್ ವ್ಯಾನಿನ ಹಿಂದೆ ಬಾಲದ ಹಾಗೆ ಕಟ್ಟಿಕೊಂಡೇ ಬಂದೆವು. ಇವತ್ತು ಮಧ್ಯಾಹ್ನ ವ್ಯಾನನ್ನು ದಡದಲ್ಲಿ ಬಿಟ್ಟು, ದೋಣಿಯಲ್ಲಿ ಕೆರೆಯ ನಡುವಿಗೆ ಹೋದೆವು. ನೀರು ಗಾಜಿನಷ್ಟು ತಿಳಿ. ಬಗ್ಗಿ ನೋಡಿದರೆ ತಳದಲ್ಲಿ ಥೇಟ್ ನಮ್ಮದರ ಹಾಗೇ ಒಂದು ವ್ಯಾನು ನಿಂತಿದೆ! ಬಾಗಿಲಿನಲ್ಲಿ ಅದೇ ನೆಗ್ಗು.

"ನಮ್ಮ ವ್ಯಾನಿನ ನೆರಳು ಕಣೇ, ಅದಕ್ಯಾಕೆ ಇಷ್ಟು ಹೆದರ್ತೀಯ?" ಎಂದು ಇವರು ನಕ್ಕರು. ನಾನೂ ನಕ್ಕೆ. ಆಮೇಲೆ ನೋಡಿದರೆ ಅದರ ಹಿಂದೆ ದೋಣಿಯೂ ಕಟ್ಟಿತ್ತು. ನಮ್ಮ ದೋಣಿಯಲ್ಲಿ ನಾವೇ ಕೂತಿದ್ದೆವಲ್ಲ! ಇವರು ಕೂಡಲೇ ದಡಕ್ಕೆ ಹುಟ್ಟು ಹಾಕಿದರು. ಈಗ ದೋಣಿಯನ್ನು ವ್ಯಾನಿಗೆ ಕಟ್ಟುವುದೇ ಬೇಡ, ಇಲ್ಲೇ ಬಿಟ್ಟು ಹೊರಡೋಣ ಎನ್ನುತ್ತಿದ್ದಾರೆ.

ಕಾಗದದಲ್ಲಿ ಜಾಗ ಮುಗಿಯಿತು. ಇವರಿಗೂ ಹೇಳದ ಒಂದು ಮಾತಿದೆ. ಅಡುಗೆ ಕಿಟಕಿಗೆ ನೀನು ಅಳತೆ ತಪ್ಪಿ ಒಂದು ಗೇಣು ಗಿಡ್ಡ ಹೊಲಿದ ಪರದೆ ಇದೆಯಲ್ಲ, ಕೆಳಗಿನ ವ್ಯಾನಿನಲ್ಲೂ ಅದೇ ಇತ್ತು. ಅಂಥದ್ದನ್ನು ಬೇರೆ ಯಾರಿಗಾದರೂ ಹೊಲಿದುಕೊಟ್ಟಿದ್ದೆಯಾ? ನಾವು ಬಂದಾಗ ಹೌದು ಅಂತಲೇ ಹೇಳು, ಸುಳ್ಳಾದರೂ ಸರಿ.

ನಿನ್ನ ತಂಗಿ