ಬಿಟ್ಟ ನಮಾಜು

೧೦ ನವೆಂಬರ್ ೧೯೬೪, ಮಂಗಳವಾರ

ಎರಡು ವರ್ಷದಿಂದ ನನಗೆ ಮುಟ್ಟಾಗಿಲ್ಲ. ಮುಟ್ಟಾದಾಗ ನಮ್ಮಲ್ಲಿ ನಮಾಜು ಮಾಡುವ ಹಾಗಿಲ್ಲ. ಅದಕ್ಕೇ ತಿಂಗಳು ತಿಂಗಳು ಕೆಲವು ದಿನ ನಮಾಜು ಬಿಟ್ಟು, ಆಗಿದೆ ಎಂದು ಉಮ್ಮನನ್ನು ನಂಬಿಸಿದ್ದೆ. ಶಾಲೆ ಬಿಡುತ್ತೇನೆಂದು ಬಾಪನ ಎದುರೇ ಹೇಳಿದವಳಿಗೆ ಇದೊಂದನ್ನು ಹೇಳಲು ಬಾಯಿ ಬರಲಿಲ್ಲ.

ಸುಮ್ಮಸುಮ್ಮನೆ ಮೈ ಬಿಸಿಯಾಗಿ ಬೆವರುತ್ತದೆಂದು ಇವತ್ತು ಉಮ್ಮ ಪುತ್ತೂರಿನ ಡಾಕ್ಟ್ರಮ್ಮನಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟ್ರಮ್ಮ ಮುಟ್ಟಿನ ವಿಷಯ ಕೇಳಿದಾಗ ಉಮ್ಮನೇ ಉತ್ತರ ಕೊಟ್ಟರು.

"ಅದೆಲ್ಲ ಸರಿ ಉಂಟು. ಇವಳು ನಮಾಜು ಬಿಡುದು ನಾನು ನೋಡ್ತೇನಲ್ಲ."

ಡಾಕ್ಟ್ರಮ್ಮ ಟಾನಿಕ್ ಬರೆಯತೊಡಗಿದರು. ನನಗೆ ತಡೆಯಲಾಗಲಿಲ್ಲ. "ಅದು ಸುಳ್ಳು" ಎಂದೆ.

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟು ಮೊದಲಿನಿಂದ ವಿಚಾರಿಸಿದರು. ಹದಿನೇಳಕ್ಕೇ ಅಂಡಾಶಯ ಸೋತಿರಬಹುದು, ಮಂಗಳೂರಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ ಎಂದರು.

"ಮಕ್ಕಳಾಗ್ತದಾ?" ಉಮ್ಮ ಕೇಳಿದರು.

"ಕಷ್ಟ, ಅಮ್ಮ."

ಅರಂತೋಡಿನವರ ಜೊತೆ ನನ್ನ ನಿಕಾಹಿನ ಮಾತಾಗಿದೆ. ಅವರಿಗೂ ಹೇಳಬೇಕು.

ಬಸ್ಸಿನಲ್ಲಿ ಉಮ್ಮ ಬೈಯಲಿಲ್ಲ. ಕುಂಬ್ರದಲ್ಲಿ ಇಳಿದ ಮೇಲೆ ಮೆಲ್ಲಗೆ ಹೇಳಿದರು: "ಮಕ್ಕಳನ್ನು ಕೊಡುದು ಅಲ್ಲಾಹನ ಕೈಯಲ್ಲಿ. ನಮಾಜು ನಿನ್ನ ಕೈಯಲ್ಲೇ ಇತ್ತಲ್ಲ, ಮಗಳೇ?"

ರಾತ್ರಿ ನಮಾಜಿಗೆ ಉಮ್ಮ ಚಾಪೆ ಹಾಸಿ ಕರೆದಾಗ ಅವರ ಪಕ್ಕದಲ್ಲಿ ನಿಲ್ಲಲು ನಾಚಿಕೆಯಾಯಿತು. ನಿಂತೆ. ನಮಾಜಿನಲ್ಲಿ ಹೇಳುವ ಒಂದಕ್ಷರವೂ ನೆನಪಿಗೆ ಬರಲಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಮಂಗಳೂರಿಗೆ ಹೋಗುತ್ತೇವೆ.